ಜೊತೆಗೆ ಬಂದವರ ತಲೆ

ಶೆಟ್ಟಿಕೆರೆಯ ಶಂಭುಲಿಂಗಯ್ಯನವರ ಕಿವಿಯ ಬಗ್ಗೆ ತಿಪಟೂರಿನ ಮಂಡಿಯಲ್ಲಿ ಒಂದು ಮಾತಿತ್ತು: ಹೆಂಡತಿ ಕೂಗಿದರೆ ಕೇಳಿಸದ ಕಿವಿಗೆ ಕಾಯಿಯೊಳಗೆ ಕೊಬ್ಬರಿ ಅಲುಗಿದರೆ ಕೇಳಿಸುತ್ತದೆ ಅಂತ. ಸುಲಿದ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸಿದರೆ ಸಾಕು, ಒಳಗಿನ ಉಂಡೆ ಒಣಗಿದೆಯೋ, ಇನ್ನೂ ಹಸಿಯೋ, ಕೆಟ್ಟು ಕೌಟು ಹಿಡಿದಿದೆಯೋ, ಒಡೆಯದೆ ಹೇಳುತ್ತಿದ್ದರು. ಕೊಂಡವನಿಗೂ ಮಾರಿದವನಿಗೂ ಜಗಳ ಬಿದ್ದರೆ "ಯಜಮಾನ್ರನ್ನ ಕರೀರಿ" ಅನ್ನುತ್ತಿದ್ದರು. ಅವರು ಹೇಳಿದ ಮೇಲೂ ಕಾಯಿ ಒಡೆದು ನೋಡುವುದೆಂದರೆ ಅವರಿಗೆ ಅವಮಾನ ಮಾಡಿದಂತೆ. ಎಪ್ಪತ್ತರ ಹತ್ತಿರ ಬಂದಿದ್ದ ಆ ಮನುಷ್ಯನಿಗೆ ತೋಟ, ಮನೆ, ಮಗ ಎಲ್ಲಕ್ಕಿಂತ ದೊಡ್ಡ ಆಸ್ತಿ ಎಂದರೆ ಆ ಒಂದು ಮರ್ಯಾದೆ.

ಇಂಥವರ ಮನೆಗೆ ಮರೆವು ಹೊಕ್ಕಿತ್ತು. ಹೊಕ್ಕದ್ದು ಹೆಂಡತಿ ದ್ರಾಕ್ಷಾಯಣಮ್ಮನ ತಲೆಗೆ ಎಂದು ಅವರು ನಂಬಿದ್ದರು. ಅವರು ನಂಬಿದ ಮೇಲೆ ಊರೂ ನಂಬಿತ್ತು.

ಮೊದಲು ಗೊತ್ತಾದದ್ದು ಎರಡು ವರ್ಷದ ಹಿಂದೆ, ಅಟ್ಟದ ವಿಷಯದಲ್ಲಿ. ಕೊಬ್ಬರಿಗೆಂದು ಇಟ್ಟ ಕಾಯಿ ಸುಲಿಯದೆ ಮಟ್ಟೆ ಸಮೇತ ಅಟ್ಟದ ಮೇಲೆ ಹೆಚ್ಚುಕಡಿಮೆ ಒಂದು ವರ್ಷ ಮಲಗಬೇಕು. ಹಳೇ ರಾಶಿ ಒಂದು ಕಡೆ, ಹೊಸ ರಾಶಿ ಇನ್ನೊಂದು ಕಡೆ. ಹಳೆಯದರ ಬದಲು ಹೊಸದನ್ನು ಇಳಿಸಿ ಸುಲಿಸಿದರೆ ಒಳಗಿನ ಕೊಬ್ಬರಿ ಇನ್ನೂ ಚಿಪ್ಪು ಬಿಟ್ಟಿರುವುದಿಲ್ಲ, ಆ ಕಾಯಿ ಕೊಬ್ಬರಿಯೂ ಅಲ್ಲ, ಚಟ್ನಿಗೂ ಅಲ್ಲ. ನಿನ್ನೆ ಮೊನ್ನೆ ತೋಟ ಮಾಡಿದವನೂ ಆ ತಪ್ಪು ಮಾಡುವುದಿಲ್ಲ. ಶಂಭುಲಿಂಗಯ್ಯನವರ ಮನೆಯಲ್ಲಿ ಆಯಿತು. ಅರ್ಧ ರಾಶಿ ಸುಲಿದು ಮುಗಿದ ಮೇಲೆ ಗೊತ್ತಾಯಿತು. ಮಗ ಪರಮೇಶ್ ಅಂಗಳದಲ್ಲಿ ನಿಂತು, "ಪಡುವಲ ಕಡೆ ಹೊಸ ರಾಶಿ ಇಳಿಸಿ ಅಂತ ಯಾರು ಹೇಳಿದ್ದು?" ಎಂದು ಆಳುಗಳನ್ನು ಕೇಳಿದ. ಆಳುಗಳು ಬಾಯಿ ಬಿಡುವ ಮೊದಲೇ ದ್ರಾಕ್ಷಾಯಣಮ್ಮ ಅಡಿಗೆಮನೆಯಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು.

"ನಾನೇ ಕಣಪ್ಪ ಹೇಳಿ ಕಳಿಸಿದ್ದು. ಹಳೇದು ಯಾವ ಕಡೆ ಐತೆ ಅಂತ ಮರ್ತೋಯ್ತು."

ಶಂಭುಲಿಂಗಯ್ಯನವರಿಗೆ ಸಿಟ್ಟು ನೆತ್ತಿಗೇರಿತು. ಆಳುಗಳ ಮುಂದೆಯೇ ಬೈದರು. ಅಲ್ಲಿಂದ ಮೇಲೆ ಒಂದರ ಹಿಂದೆ ಒಂದು. ತೋಟದ ಮೋಟಾರು ಆರಿಸದೆ ಬಿಟ್ಟು ಸುಟ್ಟುಹೋಯಿತು. ಯಜಮಾನರು ಮಾಯಸಂದ್ರದ ತಂಗಿಯ ಮೊಮ್ಮಗುವಿನ ತೊಟ್ಟಿಲ ಶಾಸ್ತ್ರಕ್ಕೆ ಹೋಗಬೇಕಾದ ದಿನ ಹೋಗದೆ, ಮಾರನೆಯ ದಿನ ಹೊಸ ಪಂಚೆ ಉಟ್ಟು ಹೋಗಿ ನಗೆಪಾಟಲಾದರು. ದನದ ಕೊಟ್ಟಿಗೆಯ ಅಗುಳಿ ಹಾಕದೆ ಹಸು ಪಕ್ಕದವರ ಹುರುಳಿ ಹೊಲ ನುಗ್ಗಿತು. ಪ್ರತಿ ಸಲವೂ ದ್ರಾಕ್ಷಾಯಣಮ್ಮನದು ಒಂದೇ ಮಾತು: "ನಂದೇ ತಪ್ಪು. ಮರ್ತುಬುಟ್ಟೆ." ಕೊನೆಗೆ ಯಜಮಾನರು ಅವರ ಸೊಂಟದಲ್ಲಿದ್ದ ಬೀಗದಕೈ ಗೊಂಚಲು ಬಿಚ್ಚಿಸಿ ಸೊಸೆಯ ಕೈಗೆ ಕೊಡಿಸಿದರು. ಮನೆ ತುಂಬಿದ ದಿನದಿಂದ ಆ ಸೊಂಟದಲ್ಲಿದ್ದ ಗೊಂಚಲು.

ಮಂಡಿಯಲ್ಲಿ ಈ ಸುದ್ದಿ ಹರಡಿದವನು ದಲ್ಲಾಳಿ ಏಕಾಂತಯ್ಯ. ಅವನ ಕಿವಿಗೆ ಬಿದ್ದ ಮೇಲೆ ಡಂಗುರ ಸಾರಿಸುವ ಖರ್ಚು ಊರಿಗೆ ಉಳಿಯುತ್ತಿತ್ತು. "ಪಾಪ, ಯಜಮಾನ್ರ ಮನೆಯೋರಿಗೆ ಅರಳುಮರಳು ಕಣ್ರೀ" ಎಂದು ಅವನು ಚೀಲದಿಂದ ಚೀಲಕ್ಕೆ ಹೇಳಿಕೊಂಡು ಬಂದ. ಶಂಭುಲಿಂಗಯ್ಯನವರು ಆ ಅನುಕಂಪವನ್ನು ಬೇಡ ಅನ್ನಲಿಲ್ಲ. ನಿಜ ಹೇಳಬೇಕೆಂದರೆ ಅದರಲ್ಲಿ ಅವರಿಗೆ ಸ್ವಲ್ಪ ರುಚಿಯೂ ಸಿಕ್ಕಿತ್ತು.

ಎರಡು ಸಾವಿರದ ಏಳನೇ ಇಸವಿ, ದೀಪಾವಳಿ ಕಳೆದಿತ್ತು. ಮರೆವಿನ ಬಗ್ಗೆ ಅಧ್ಯಯನ ಮಾಡುವ ಡಾಕ್ಟರುಗಳ ಒಂದು ತಂಡ ತಿಪಟೂರಿಗೆ ಬಂದು ಶಿಬಿರ ಹಾಕಿತು. ತಂಡದಲ್ಲಿ ಬಿಂದುಶ್ರೀ ಎಂಬ ಡಾಕ್ಟರು. ಹುಳಿಯಾರು ಕಡೆಯ ಗೊಲ್ಲರಹಟ್ಟಿಯ ಹುಡುಗಿ, ಓದಿ ಮೇಲೆ ಬಂದವಳು, ಮಾತು ಮಾತ್ರ ಹಟ್ಟಿಯದನ್ನೇ ಇಟ್ಟುಕೊಂಡಿದ್ದಳು. ಶಿಬಿರದ ಸುದ್ದಿ ಮನೆಗೆ ತಂದವರು ದ್ರಾಕ್ಷಾಯಣಮ್ಮನೇ. "ನನ್ನ ಒಂದ್ಸಲ ತೋರಿಸ್ರಿ" ಅಂದರು. ಶಂಭುಲಿಂಗಯ್ಯನವರಿಗೆ ಆಶ್ಚರ್ಯವಾಯಿತು. ತಲೆನೋವಿಗೂ ಮಾತ್ರೆ ಬೇಡ ಅನ್ನುವ ಹೆಂಗಸು ಇದು.

ಶಿಬಿರದಲ್ಲಿ ಡಾಕ್ಟರು ಕೇಳಿದ ಒಂದು ಪ್ರಶ್ನೆಗೂ ದ್ರಾಕ್ಷಾಯಣಮ್ಮ ಸರಿಯಾಗಿ ಉತ್ತರ ಕೊಡಲಿಲ್ಲ. ವಾರಗಳನ್ನು ಹಿಂದುಮುಂದಾಗಿ ಹೇಳಿ ಅಂದರೆ ಸೀರೆಯ ಅಂಚು ನೋಡುತ್ತ ಕೂತರು. ಯಾವ ತಿಂಗಳು ಎಂದರೆ ಗೊತ್ತಿಲ್ಲ ಅಂದರು. ಪಕ್ಕದಲ್ಲಿ ಕೂತ ಗಂಡ ಕುರ್ಚಿಯನ್ನು ಅವರ ಹತ್ತಿರಕ್ಕೆ ಎಳೆದುಕೊಂಡರು. ಎಷ್ಟು ಬೈದರೂ ನಲವತ್ತೈದು ವರ್ಷ ಜೊತೆಗಿದ್ದ ಜೀವ.

"ತುಮಕೂರಲ್ಲಿ ತಲೆ ಸ್ಕ್ಯಾನ್ ಮಾಡಿಸೋಣ ಯಜಮಾನ್ರೇ, ಬಿಟ್ಟಿ" ಅಂದಳು ಬಿಂದುಶ್ರೀ. "ಒಂದು ಕರಾರು ಐತೆ. ಮರೆವು ಇರೋರ ಜೊತೆಗೆ ಅದೇ ಮನೇಲಿ ಅದೇ ಊಟ ಉಣ್ಣೋ, ಅದೇ ವಯಸ್ಸಿನ, ಆರೋಗ್ಯವಾಗಿರೋರು ಒಬ್ರು ಸ್ಕ್ಯಾನಿಗೆ ಬರ್ಬೇಕು. ಇಬ್ರದೂ ಪಕ್ಕಪಕ್ಕ ಇಟ್ಟು ನೋಡ್ತೀವಿ. ಇಲ್ದಿದ್ರೆ ಯಾವುದು ರೋಗ, ಯಾವುದು ಬರೀ ವಯಸ್ಸು ಅಂತ ಗೊತ್ತಾಗಕಿಲ್ಲ."

"ಅದಕ್ಕೇನಂತೆ, ನಾನೇ ಬತ್ತೀನಿ" ಅಂದರು ಶಂಭುಲಿಂಗಯ್ಯ, ಎದೆಯುಬ್ಬಿಸಿ.

ತುಮಕೂರಿನ ಸ್ಕ್ಯಾನ್ ಕೋಣೆಯ ಮುಂದೆ ಒಂದು ಸಣ್ಣ ರಾದ್ಧಾಂತವಾಯಿತು. ಮೈಮೇಲೆ ಲೋಹ ಇರಬಾರದು ಅಂದರು. ಶಂಭುಲಿಂಗಯ್ಯನವರ ಕೊರಳಲ್ಲಿ ಲಿಂಗದ ಬೆಳ್ಳಿ ಕರಡಿಗೆ. "ಸತ್ತು ಮಣ್ಣಿಗೆ ಹೋದ್ರೂ ಲಿಂಗ ಬಿಡೋರಲ್ಲ ನಾವು" ಎಂದು ಹಟ ಹಿಡಿದರು. ಕೊನೆಗೆ ಕರಡಿಗೆ ಮಾತ್ರ ತೆಗೆದು ಹೆಂಡತಿಯ ಕೈಗೆ ಕೊಟ್ಟು, ಲಿಂಗವನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಒಳಗೆ ಹೋದರು. ಚಪ್ಪಲಿ ಬಿಟ್ಟ ಮೇಲೂ ಅವರ ಕಾಲು ನೆಲವನ್ನು ಉಜ್ಜಿಕೊಂಡೇ ಹೋಗುತ್ತಿತ್ತು. ವರ್ಷದಿಂದ ಅವರು ಅದನ್ನು ಚಪ್ಪಲಿಯ ತಪ್ಪು ಎಂದೇ ಹೇಳುತ್ತಿದ್ದರು.

ಸ್ಕ್ಯಾನ್ ಮುಗಿದ ಮೇಲೆ ಬಿಂದುಶ್ರೀ, "ಊಟ ಮಾಡ್ಕೊಂಡು ಬನ್ನಿ, ಕಂಪ್ಯೂಟರಿಗೆ ಲೆಕ್ಕ ಹಾಕಕ್ಕೆ ಹೊತ್ತು ಬೇಕು" ಅಂದಳು. ಅದು ಅವರ ಹೊಸ ಪ್ರಯೋಗ. ಮೆದುಳಿನ ಒಳಗೆ ಕೂದಲಿಗಿಂತ ಸಣ್ಣ ರಕ್ತನಾಳಗಳಿವೆ, ಅವು ಕಟ್ಟಿಕೊಂಡ ಕಡೆ ಚಿತ್ರದಲ್ಲಿ ಬಿಳೀ ಮಚ್ಚೆ ಬೀಳುತ್ತದೆ. ಒಬ್ಬೊಬ್ಬರ ತಲೆಯ ಮಚ್ಚೆಯನ್ನೂ ಡಾಕ್ಟರು ಕಣ್ಣಿನಲ್ಲಿ ಹುಡುಕುತ್ತ ಕೂತರೆ ದಿನ ಸಾಲದು. ಅದಕ್ಕೆ ಕಂಪ್ಯೂಟರಿಗೆ ಒಂದು ಪ್ರೋಗ್ರಾಂ ಬರೆದಿದ್ದರು. ಚಿತ್ರ ಒಳಗೆ ಹಾಕಿದರೆ ಅದು ತಾನೇ ಮಚ್ಚೆ ಹುಡುಕಿ ಕೆಂಪು ಬಣ್ಣ ಬಳಿಯುತ್ತಿತ್ತು.

ಮಧ್ಯಾಹ್ನ ವಾಪಸ್ಸು ಬಂದಾಗ ಬಿಂದುಶ್ರೀಯ ಮುಖ ಬೆಳಗ್ಗಿನಂತೆ ಇರಲಿಲ್ಲ. ಇಬ್ಬರನ್ನೂ ಕೂರಿಸಿ, ಕಂಪ್ಯೂಟರಿನ ಪರದೆಯನ್ನು ಅವರ ಕಡೆ ತಿರುಗಿಸಿದಳು. ಮೊದಲ ಚಿತ್ರದಲ್ಲಿ ಬೂದು ಬಣ್ಣದ ಮೆದುಳು, ಅಲ್ಲೊಂದು ಇಲ್ಲೊಂದು ಕೆಂಪು ಚುಕ್ಕಿ. ಎರಡನೆಯದರಲ್ಲಿ ನಡುವಿನ ಗುಂಡಿಗಳ ಸುತ್ತ ಕೆಂಪು, ಅದರಾಚೆ ಕೆಂಪು, ಅಂಚಿನ ತನಕ ಕೆಂಪು. ಎಲೆಅಡಿಕೆ ಉಗಿದ ಗೋಡೆಯ ಹಾಗಿತ್ತು.

ಶಂಭುಲಿಂಗಯ್ಯನವರು ಹೆಂಡತಿಯ ಮೊಣಕೈ ಹಿಡಿದುಕೊಂಡರು. "ಇಷ್ಟೊಂದು ಹಾಳಾಗೈತಾ ಇವಳ ತಲೆ? ನಾನು ಸುಮ್ನೆ ಬೈಕೊಂಡು ಕುಂತಿದ್ದೆ. ಔಷಧಿ ಐತೇನಮ್ಮ ಇದಕ್ಕೆ?"

ಬಿಂದುಶ್ರೀ ಅವರನ್ನೇ ನೋಡಿದಳು.

"ಇದು ಅಮ್ಮೋರದಲ್ಲ ಯಜಮಾನ್ರೇ. ಅಮ್ಮೋರದು ಮೊದಲ್ನೇದು. ಇದು ನಿಮ್ದು."

ಶಂಭುಲಿಂಗಯ್ಯನವರು ಮೊದಲು ನಕ್ಕರು. ನಿಜವಾಗಿಯೂ ನಗು ಬಂತು. ಮಂಡಿಯಲ್ಲಿ ಇಂಥದ್ದು ದಿನಾ ಆಗುತ್ತಿತ್ತು. ಇವನ ಚೀಲಕ್ಕೆ ಅವನ ಚೀಟಿ, ಅವನ ಚೀಲಕ್ಕೆ ಇವನ ಚೀಟಿ, ಆಮೇಲೆ ಇಬ್ಬರೂ ಕೊರಳಪಟ್ಟಿ ಹಿಡಿದುಕೊಳ್ಳುವುದು.

"ಅದಲುಬದಲಾಗೈತೆ ಕಣಮ್ಮ. ಚೀಟಿ ನೋಡು. ಇವಳು ಮರೆಗುಳಿ, ನಾನು ಬರೀ ಜೊತೆಗೆ ಬಂದೋನು."

"ಈ ಪ್ರೋಗ್ರಾಮಿಗೆ ಚೀಟಿ ಗೊತ್ತಿಲ್ಲ" ಅಂದಳು ಬಿಂದುಶ್ರೀ. "ಯಾರು ರೋಗಿ, ಯಾರು ಜೊತೆಗೆ ಬಂದೋರು, ಯಾರು ಯಜಮಾನ್ರು, ಏನೂ ಗೊತ್ತಿಲ್ಲ. ಚಿತ್ರ ಅಷ್ಟೇ ನೋಡ್ತದೆ. ಹೊಸದು, ತಪ್ಪೂ ಮಾಡ್ತದೆ. ಅದಕ್ಕೇ ನಾನೇ ಕಣ್ಣಲ್ಲಿ ನೋಡ್ದೆ. ನಿಜ ಹೇಳ್ಬೇಕಂದ್ರೆ ಬೆಳಿಗ್ಗೆ ಜೊತೆಗಾರರ ಚಿತ್ರ ಅಂತ ಮೇಲ್ಮೇಲೆ ನೋಡಿ ಪಕ್ಕಕ್ಕಿಟ್ಟಿದ್ದೆ. ಇದು ಕೆಂಪು ಬಳಿದ ಮೇಲೆ ಮತ್ತೆ ತೆಗೆದು ನೋಡ್ದೆ. ತಪ್ಪಿಲ್ಲ."

"ಇನ್ನೊಂದ್ಸಲ ಹಾಕು."

ಅವಳು ಹಾಕಿದಳು. ಅದೇ ಕೆಂಪು ಬಂತು. ಆಮೇಲೆ ಇನ್ನೊಂದು ಚಿತ್ರ ತೆರೆದಳು, ತಲೆಯನ್ನು ಪಕ್ಕದಿಂದ ಸೀಳಿ ತೋರಿಸುವ ಚಿತ್ರ. ಅದರಲ್ಲಿ ಹಣೆ ಇತ್ತು, ತುಟಿ ಇತ್ತು, ನಡುವೆ ಗಿಣಿಯ ಕೊಕ್ಕಿನಂಥ ಬಗ್ಗಿದ ಮೂಗಿತ್ತು. ಶಂಭುಲಿಂಗಯ್ಯನವರ ಕೈ ತಾನಾಗಿಯೇ ಮೂಗಿನ ಮೇಲೆ ಹೋಯಿತು. ಅವರಪ್ಪನಿಗೂ ಅದೇ ಮೂಗು, ಮಗನಿಗೂ ಅದೇ ಮೂಗು. ದ್ರಾಕ್ಷಾಯಣಮ್ಮನದು ಮೊಂಡು ಮೂಗು. ಕೋಣೆಯ ಫ್ಯಾನು ತಿರುಗುತ್ತಲೇ ಇತ್ತು, ಅವರ ಅಂಗಿ ಬೆನ್ನಿಗೆ ಅಂಟಿಕೊಂಡಿತು.

"ಅಮ್ಮ," ಬಿಂದುಶ್ರೀ ದ್ರಾಕ್ಷಾಯಣಮ್ಮನ ಕಡೆ ತಿರುಗಿದಳು, "ವಾರ ಹಿಂದುಮುಂದಾಗಿ ಇನ್ನೊಂದ್ಸಲ ಹೇಳ್ತೀರಾ?"

ದ್ರಾಕ್ಷಾಯಣಮ್ಮ ಗಂಡನ ಮುಖ ನೋಡಿದರು, ನೆಲ ನೋಡಿದರು. ಆಮೇಲೆ ಮಗ್ಗಿ ಒಪ್ಪಿಸುವ ಹಾಗೆ ಹೇಳಿದರು: "ಭಾನುವಾರ, ಶನಿವಾರ, ಶುಕ್ರವಾರ, ಗುರುವಾರ, ಬುಧವಾರ, ಮಂಗಳವಾರ, ಸೋಮವಾರ."

"ನೀವು ಹೇಳಿ ಯಜಮಾನ್ರೇ."

ಇದೇನು ದೊಡ್ಡ ವಿದ್ಯೆಯೇ ಎಂದುಕೊಂಡು ಶುರು ಮಾಡಿದರು. "ಭಾನುವಾರ. ಶನಿವಾರ. ಶುಕ್ರವಾರ." ನಿಂತರು. ಶುಕ್ರವಾರದ ಹಿಂದೆ ಏನೋ ಇರಬೇಕು, ಇದ್ದೇ ಇರುತ್ತದೆ. ನಾಲಗೆಯ ತುದಿಯ ತನಕ ಬಂದದ್ದು ಶನಿವಾರ. ಮತ್ತೆ ಶುಕ್ರವಾರಕ್ಕೆ ಹೋದರು, ಮತ್ತೆ ಶನಿವಾರವೇ ಬಂತು. ಇಡೀ ಮಂಡಿಗೆ ತೀರ್ಪು ಹೇಳಿದ ಬಾಯಿ ಬರಿದೇ ತೆರೆದುಕೊಂಡು ನಿಂತಿತು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಕಲಗಚ್ಚಿನಲ್ಲಿ ಬಿತ್ತು ಅನ್ನುತ್ತಾರಲ್ಲ, ಹಾಗಾಯಿತು. ಆದರೆ ನಗುವವರು ಆ ಕೋಣೆಯಲ್ಲಿ ಯಾರೂ ಇರಲಿಲ್ಲ.

ಬಿಂದುಶ್ರೀ ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿದಳು, ನೋಡಿ ಹುಬ್ಬು ಗಂಟಿಕ್ಕಿದಳು. ಮಚ್ಚೆ ಇದ್ದವರಿಗೆಲ್ಲ ಮರೆವು ಬರುವುದಿಲ್ಲ, ವಯಸ್ಸಾದವರಲ್ಲಿ ನಾಲ್ಕಾರು ಇದ್ದೇ ಇರುತ್ತವೆ, ಆದರೆ ಇಷ್ಟೊಂದು ಇದ್ದು, ಕಾಲೂ ಎಳೆಯುತ್ತಿದ್ದರೆ ಸುಮ್ಮನೆ ಬಿಡುವ ಹಾಗಿಲ್ಲ ಅಂದಳು. ವರ್ಷಗಟ್ಟಲೆ ಬಿಪಿ ನೋಡಿಸದೆ ಬಿಟ್ಟದ್ದು ಒಳಗೊಳಗೇ ಕೆಲಸ ಮಾಡಿದೆ, ಹೋದದ್ದು ವಾಪಸ್ಸು ಬರುವುದಿಲ್ಲ, ಉಳಿದದ್ದನ್ನು ಮಾತ್ರೆಯಿಂದ ಉಳಿಸಿಕೊಳ್ಳಬಹುದು ಅಂದಳು. ಶಂಭುಲಿಂಗಯ್ಯನವರಿಗೆ ಅದರಲ್ಲಿ ಅರ್ಧ ಕೇಳಿಸಿತು, ಅರ್ಧ ಕೇಳಿಸಲಿಲ್ಲ. ಅವರ ತಲೆಯಲ್ಲಿ ಒಂದೇ ತಿರುಗುತ್ತಿತ್ತು. ಇವಳಿಗೆ ವಾರ ಗೊತ್ತಿತ್ತು. ಶಿಬಿರದಲ್ಲೂ ಗೊತ್ತಿತ್ತು.

ಸಂಜೆಯ ತಿಪಟೂರು ಬಸ್ಸಿನಲ್ಲಿ ಕಿಟಕಿ ಪಕ್ಕ ಅವರು, ಈಚೆ ದ್ರಾಕ್ಷಾಯಣಮ್ಮ. ಎರಡು ಸೀಟು ಮುಂದೆ ಏಕಾಂತಯ್ಯ. ಕೋರ್ಟಿಗೆ ಬಂದಿದ್ದನಂತೆ. ಹತ್ತುವಾಗಲೇ "ಏನ್ ಯಜಮಾನ್ರೇ, ಅಮ್ಮೋರಿಗೆ ತೋರಿಸ್ಕೊಂಡು ಬಂದ್ರಾ?" ಎಂದು ಕೇಳಿ, ಉತ್ತರ ಸಿಗದೆ, ಕುತೂಹಲದಿಂದ ಕುತ್ತಿಗೆ ಅರ್ಧ ತಿರುಗಿಸಿಕೊಂಡೇ ಕೂತಿದ್ದ. ಬಸ್ಸು ಗುಬ್ಬಿ ದಾಟಿತು.

"ಶಿಬಿರದಲ್ಲಿ ಯಾಕೆ ಸುಳ್ಳು ಹೇಳ್ದೆ?" ಏಕಾಂತಯ್ಯನಿಗೆ ಕೇಳಿಸದ ಹಾಗೆ ಕೊನೆಗೆ ಕೇಳಿದರು.

"ನಂಗೆ ಮರೆವು ಅಂದ್ರೆ ತಾನೇ ನೀವು ಜೊತೆಗೆ ಬರೋದು" ಅಂದರು ದ್ರಾಕ್ಷಾಯಣಮ್ಮ. "ಜೊತೆಗೆ ಬಂದೋರ ತಲೇನೂ ನೋಡ್ತಾರೆ ಅಂತ ಮೊದ್ಲೇ ಕೇಳಿದ್ದೆ. ನಿಮ್ಮ ತಲೆ ತೋರಿಸೋಣ ಅಂದಿದ್ರೆ ಬತ್ತಿದ್ರಾ?"

"ಅಟ್ಟದ ಕಾಯಿ?"

"ಆಳುಗಳಿಗೆ ನೀವೇ ಹೇಳಿದ್ದು."

"ಮೋಟಾರು? ತೊಟ್ಟಿಲು?"

"ನಿಮ್ದೇ. ಕೊಟ್ಟಿಗೆ ಅಗುಳೀನೂ ನಿಮ್ದೇ. ಮಂಡೀಲಿ ನೀವು ಸರಿ ಐತೆ ಅಂದ ಎರಡು ರಾಶಿ ಕೌಟು ಬಂದಿದ್ವು. ಕೊಂಡೋರ ಮನೆಗೆ ನಾನೇ ಹೋಗಿ, ನಮ್ಮ ಮನೆ ಒಳ್ಳೆ ಕೊಬ್ಬರಿ ಕೊಟ್ಟು ಬಾಯಿ ಮುಚ್ಚಿಸ್ದೆ."

ಶಂಭುಲಿಂಗಯ್ಯನವರು ಮುಖ ಆಚೆ ತಿರುಗಿಸಿದರು. ಕಿಟಕಿಯಾಚೆ ಕಲ್ಪವೃಕ್ಷದ ತೋಟಗಳು ಓಡುತ್ತಿದ್ದವು. ನಾಚಿಕೆಯ ಹಿಂದೆಯೇ ಸಿಟ್ಟು ಬಂತು. ತಪ್ಪು ಸಿಕ್ಕಿಬಿದ್ದವನಿಗೆ ಬರುವ ಕುರುಡು ಸಿಟ್ಟು.

"ಎರಡು ವರ್ಷದಿಂದ ಗೊತ್ತಿತ್ತು ನಿಂಗೆ. ನನ್ನ ಪಕ್ಕದಲ್ಲೇ ಮಲಗಿ ಎದ್ದು, ಒಂದು ಮಾತು ಹೇಳಲಿಲ್ಲ. ನಾನು ನಿನ್ನ ಊರ ಮುಂದೆ ಮರೆಗುಳಿ ಅಂತ ಬೈತಾ ಇದ್ರೆ ಬೈಸ್ಕೊಂಡೆ. ಯಾಕೇ? ನನ್ನ ಇಂಥ ಪಾಪಿ ಯಾಕೆ ಮಾಡ್ದೆ?"

"ಆಣೆ ಇತ್ತು" ಅಂದರು ದ್ರಾಕ್ಷಾಯಣಮ್ಮ ಮೆಲ್ಲಗೆ.

"ಯಾರ ಆಣೆ?"

"ಲಿಂಗದ ಆಣೆ. ಅಂಗೈ ಮೇಲೆ ಇಟ್ಕೊಂಡು ಮಾಡಿದ್ದು."

"ಯಾರು ಮಾಡಿಸಿದ್ದು ನಿನ್ನ ಕೈಲಿ ಅಂಥ ಆಣೇನ?"

ದ್ರಾಕ್ಷಾಯಣಮ್ಮ ಗಂಡನ ಕಡೆ ತಿರುಗಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಬರೀ ಸುಸ್ತು ಇತ್ತು.

"ನೀವು."

ಬಸ್ಸು ಒಂದು ಗುಂಡಿಗೆ ಬಿದ್ದು ಎದ್ದಿತು. ಶಂಭುಲಿಂಗಯ್ಯನವರು ಮುಂದಿನ ಸೀಟಿನ ಕಂಬಿ ಹಿಡಿದುಕೊಂಡರು.

"ಎರಡು ವರ್ಷದ ಕೆಳಗೆ ಕಿಬ್ಬನಹಳ್ಳಿ ಕ್ರಾಸಲ್ಲಿ ನಿಂತ್ಕಂಡು ಮನೆಗೆ ಯಾವ ಬಸ್ಸು ಅಂತ ಗೊತ್ತಾಗ್ದೆ ಮಧ್ಯಾಹ್ನವೆಲ್ಲ ಅಲ್ಲೇ ನಿಂತಿದ್ರಿ. ಹೆಂಗೋ ಮನೆಗೆ ಬಂದು ನನ್ನ ಕೋಣೆಗೆ ಕರ್ಕೊಂಡೋಗಿ ಬಾಗಿಲು ಹಾಕಿದ್ರಿ. ಮಗು ಥರ ಅತ್ರಿ. ನಂಗೆ ತಲೆ ಹೋಗ್ತಾ ಐತೆ ಕಣೇ, ಮಂಡೀಲಿ ಗೊತ್ತಾದ್ರೆ ನನ್ನ ಮಾತು ನಾಯೀನೂ ಕೇಳಲ್ಲ ಅಂದ್ರಿ. ನಾನೇನಾದ್ರೂ ತಪ್ಪು ಮಾಡಿದ್ರೆ ನಿನ್ನ ಮೇಲೆ ಹಾಕ್ಕೋ, ಹೆಂಗಸರು ಮರ್ತರೆ ಯಾರೂ ಲೆಕ್ಕಕ್ಕೆ ಇಟ್ಕೊಳ್ಳಲ್ಲ, ಪರಮೇಶಂಗೂ ಹೇಳಬ್ಯಾಡ, ಡಾಕ್ಟರಿಗೂ ಹೇಳಬ್ಯಾಡ, ನಾನೇ ಕೇಳಿದ್ರೂ ಹೇಳಬ್ಯಾಡ ಅಂದ್ರಿ. ಲಿಂಗ ಅಂಗೈಲಿ ಇಡಿಸಿದ್ರಿ." ಆಮೇಲೆ ಸೇರಿಸಿದರು: "ಬಾಯಲ್ಲಿ ಹೇಳಲ್ಲ ಅಂತ ಆಣೆ ಮಾಡಿದ್ದೆ. ಮಿಷಿನ್ನು ಮಾಡಿರಲಿಲ್ಲ. ಇವತ್ತು ಅದೇ ಹೇಳ್ತಲ್ಲ, ಇನ್ನು ನಾನು ಮುಚ್ಚಿಟ್ಟು ಏನುಪಯೋಗ."

ಶಂಭುಲಿಂಗಯ್ಯನವರು ಕಣ್ಣು ಮುಚ್ಚಿ ಆ ದಿನವನ್ನು ಹುಡುಕಿದರು. ಕಿಬ್ಬನಹಳ್ಳಿ ಕ್ರಾಸು ಸಿಕ್ಕಿತು, ಮನೆಯ ಕೋಣೆ ಸಿಕ್ಕಿತು, ಅದರ ಬಾಗಿಲು ಸಿಕ್ಕಿತು. ಅತ್ತದ್ದು ಸಿಗಲಿಲ್ಲ. ಆಣೆ ಮಾಡಿಸಿದ್ದು ಸಿಗಲಿಲ್ಲ. ಎಷ್ಟು ತಡಕಿದರೂ ಆ ಜಾಗದಲ್ಲಿ ಏನೂ ಇರಲಿಲ್ಲ. ತನ್ನ ಮಾನ ಉಳಿಸು ಎಂದು ಹೆಂಡತಿಯನ್ನು ಬೇಡಿಕೊಂಡವನು ತಾನು, ಬೇಡಿದ್ದನ್ನು ಮರೆತವನೂ ತಾನು, ಮರೆತು ಎರಡು ವರ್ಷ ಅವಳನ್ನೇ ಮರೆಗುಳಿ ಎಂದು ಬೈದವನೂ ತಾನು. ಅವಳ ಸೊಂಟದ ಗೊಂಚಲು ಬಿಚ್ಚಿಸಿದ ಕೈಯೂ ಇದೇ ಕೈ. ಜೀವಮಾನದಲ್ಲಿ ಯಾರಿಗೂ ಇಷ್ಟು ದ್ರೋಹ ಮಾಡಿರಲಿಲ್ಲ ಅವರು.

ಅದಕ್ಕಿಂತ ದೊಡ್ಡ ಭಯ ಆಮೇಲೆ ಬಂತು. ಒಮ್ಮೆ ಮರೆತದ್ದು ಇನ್ನೊಮ್ಮೆ ಮರೆಯುವುದಿಲ್ಲ ಎಂದು ಯಾವ ಗ್ಯಾರಂಟಿ? ಬಿಂದುಶ್ರೀಯ ಕೆಂಪು ಚಿತ್ರ, ಈ ಬಸ್ಸು, ಇವಳ ಈ ಮಾತು, ನಾಳೆಯೋ ಮುಂದಿನ ತಿಂಗಳೋ ಇದೂ ಆ ಖಾಲಿ ಜಾಗಕ್ಕೆ ಹೋಗಿ ಬಿದ್ದರೆ? ಮತ್ತೆ ಅಂಗಳದಲ್ಲಿ ನಿಂತು ಇವಳನ್ನು ಬೈಯುತ್ತಾರೆ. ಇವಳು ಮತ್ತೆ ಸೆರಗಿಗೆ ಕೈ ಒರೆಸಿಕೊಂಡು ಬಂದು ನಂದೇ ತಪ್ಪು ಅನ್ನುತ್ತಾಳೆ. ಪರಮೇಶನಿಗೆ ಹೇಳಿದರೂ ಸಾಲದು. ಅಪ್ಪನ ಮಾನ ಎಂದು ಅವನೂ ಬಾಯಿ ಮುಚ್ಚಿಕೊಳ್ಳುತ್ತಾನೆ, ಎಷ್ಟಾದರೂ ಇವಳ ಹೊಟ್ಟೆಯಲ್ಲಿ ಹುಟ್ಟಿದವನು.

ಬಸ್ಸು ನಿಟ್ಟೂರಿನಲ್ಲಿ ಜನ ಇಳಿಸಿ ಹೊರಟಿತ್ತು. ಶಂಭುಲಿಂಗಯ್ಯನವರು ಎದ್ದರು. ದ್ರಾಕ್ಷಾಯಣಮ್ಮ ಅಂಗಿ ಹಿಡಿದು, "ಎಲ್ಲಿಗ್ರೀ, ಇನ್ನೂ ಊರು ಬಂದಿಲ್ಲ" ಅಂದರು. ಅವರು ಕೈ ಬಿಡಿಸಿಕೊಂಡು, ಕಂಬಿಯಿಂದ ಕಂಬಿಗೆ ಹಿಡಿದುಕೊಳ್ಳುತ್ತ, ಕಾಲೆಳೆಯುತ್ತ ಮುಂದೆ ಹೋಗಿ ಏಕಾಂತಯ್ಯನ ಭುಜದ ಮೇಲೆ ಕೈಯಿಟ್ಟರು.

"ಏಕಾಂತಯ್ಯ, ಮರೆಗುಳಿ ನನ್ನ ಹೆಂಡ್ತಿಯಲ್ಲ ಕಣಯ್ಯ. ನಾನು."

ಏಕಾಂತಯ್ಯ ಏನೋ ತಮಾಷೆ ಇರಬೇಕೆಂದು ಹಲ್ಲು ಬಿಟ್ಟ. ಯಜಮಾನರ ಮುಖ ನೋಡಿ ಬಾಯಿ ಮುಚ್ಚಿದ. ಅಕ್ಕಪಕ್ಕದವರು ಇತ್ತ ತಿರುಗಿದರು.

"ಸ್ಕ್ಯಾನ್ ಮಾಡಿದ್ರು. ಅವಳ ತಲೆ ಶುದ್ಧವಾಗೈತೆ. ನಂದು ತೂತಾಗೈತೆ. ಇಷ್ಟು ವರ್ಷ ನನ್ನ ತಪ್ಪೆಲ್ಲ ಅವಳು ಹೊತ್ಕೊಂಡ್ಲು. ನಾಳೆ ಬೆಳಿಗ್ಗೆ ಮಂಡೀಲಿ ಒಬ್ಬೊಬ್ರಿಗೂ ಹೇಳು. ಇನ್ಮೇಲೆ ನನ್ನ ಮಾತಿನ ಮೇಲೆ ಯಾರೂ ಕಾಯಿ ಕೊಳ್ಳೋದು ಬ್ಯಾಡ, ಒಡೆದು ನೋಡ್ಲಿ."

"ಯಜಮಾನ್ರೇ, ಇಂಥವೆಲ್ಲ ನಾನೆಲ್ಲಿ..." ಏಕಾಂತಯ್ಯ ತೊದಲಿದ. ಹೇಳಬೇಡ ಅಂದ ಸುದ್ದಿಯನ್ನು ಹೇಳಿಯೇ ಅವನಿಗೆ ಅಭ್ಯಾಸ. ಹೇಳು ಅಂದ ಸುದ್ದಿಯನ್ನು ಏನು ಮಾಡಬೇಕೆಂದು ಅವನಿಗೆ ತಿಳಿಯಲಿಲ್ಲ.

"ಹೇಳಲ್ಲ ಅನ್ನಬ್ಯಾಡ. ನೀನು ಹೇಳಿದ್ರೆ ಊರು ಮರೆಯಲ್ಲ, ನಾನು ಮರೀತೀನಿ. ನಾನೇ ಮರ್ತು, ಯಾವನಲೇ ಹಂಗಂದೋನು ಅಂತ ನಿನ್ನ ಮೇಲೆ ಎಕ್ಕಡ ಎತ್ಕೊಂಡು ಬಂದ್ರೂ ಬಿಡಬ್ಯಾಡ. ನೀನೇ ಬಸ್ಸಲ್ಲಿ ಹೇಳ್ದೆ ಅಂತ ನನ್ನ ಮುಖಕ್ಕೇ ಹೇಳು. ಎಷ್ಟು ಸಲ ಮರೀತೀನೋ ಅಷ್ಟು ಸಲ ಹೇಳು."

ಕಂಡಕ್ಟರ್ ಚೀಟಿ ಹರಿಯುವುದನ್ನು ಬಿಟ್ಟು ನೋಡುತ್ತಿದ್ದ. ಏಕಾಂತಯ್ಯ ತಲೆ ತಗ್ಗಿಸಿ, "ಆಯ್ತು ಬುಡಿ, ಹೇಳ್ತೀನಿ" ಅಂದ.

ಹಿಂದಿನ ಸೀಟಿನಲ್ಲಿ ದ್ರಾಕ್ಷಾಯಣಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದರು. ಈ ಎರಡು ವರ್ಷದಲ್ಲಿ ಅವರು ಅತ್ತದ್ದನ್ನು ಯಾರೂ ನೋಡಿರಲಿಲ್ಲ. ಶಂಭುಲಿಂಗಯ್ಯನವರು ಕಂಬಿ ಹಿಡಿದುಕೊಂಡು ಹಿಂದಕ್ಕೆ ಬಂದು, ಅವರ ಪಕ್ಕದಲ್ಲಿ ಕೂತರು.